ನಲವತ್ತೊಂದನೇ ನಂಬರಿನ ಬೆನ್ನು

ಮೊದಲೇ ಹೇಳಿಬಿಡುತ್ತೇನೆ: ನನ್ನ ಷಡ್ಡಕನ ಬಗ್ಗೆ ಬರೆಯಲು ನನಗಿಂತ ಅಯೋಗ್ಯ ಮನುಷ್ಯ ಇನ್ನೊಬ್ಬ ಸಿಗಲಾರ. ಕಳೆದೊಂದು ವರ್ಷ ಅವನನ್ನು ಕಂಡರೆ ಸಾಕು, ಹೊಟ್ಟೆಯೊಳಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಗುತ್ತಿತ್ತು. ಅದಕ್ಕೆ ಹೊಟ್ಟೆಕಿಚ್ಚು ಎಂಬ ಒಳ್ಳೆಯ ಹೆಸರಿರುವಾಗ ಸುತ್ತಿಬಳಸಿ ಹೇಳುವುದೇಕೆ? ಆದರೆ ಅವನನ್ನು ನನ್ನಷ್ಟು ಬಲ್ಲವರೂ ಯಾರಿಲ್ಲ. ಇಪ್ಪತ್ತೆಂಟು ವರ್ಷ ಅವನ ಎಡಭುಜಕ್ಕೆ ನನ್ನ ಬಲಭುಜ ಒತ್ತಿಕೊಂಡು ಫುಟ್‌ಬಾಲ್ ನೋಡಿದವನು ನಾನು. ಹೆಂಡತಿಯ ಪಕ್ಕದಲ್ಲೂ ಅಷ್ಟು ಹೊತ್ತು ನಿಂತವನಲ್ಲ.

ಅವನನ್ನು ಎಲ್ಲರೂ ಕಂಬ ಎಂದು ಕರೆಯುತ್ತಾರೆ. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಹಳೆಯ ಮೈದಾನದ ಪೂರ್ವದ ಕಡೆಯಲ್ಲಿ, ತಗಡಿನ ಚಾವಣಿ ಮುಗಿಯುವ ಜಾಗದಲ್ಲಿ, ಮೂರನೇ ಕಬ್ಬಿಣದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದುದರಿಂದ ಆ ಹೆಸರು ಬಂತು. ಮಾತಿನಲ್ಲೂ ಕಂಬವೇ. ಗೋಲು ಬಿದ್ದರೆ ನಾವೆಲ್ಲ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆವು. ಅವನು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿ, ಬೆರಳುಗಳನ್ನು ಅಗಲಿಸಿ, ತುಟಿ ಪಿಟಕ್ಕೆನ್ನದೆ ನಿಲ್ಲುತ್ತಿದ್ದ. ಅವನ ಸಂತೋಷ ಇದ್ದದ್ದೆಲ್ಲ ಆ ಎರಡು ಕೈಗಳಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಪಾಪ ಮುಂದೆ ಬರುತ್ತದೆ.

ಕಸುಬು ಬೆತ್ತದ ಕುರ್ಚಿ ಹೆಣೆಯುವುದು. ಅಪ್ಪನಿಂದ ಕಲಿತದ್ದು. ನೆಲದ ಮೇಲೆ ಕೂತು, ನೀರಿನ ತೊಟ್ಟಿಯಲ್ಲಿ ನೆನೆಸಿಟ್ಟ ಬೆತ್ತದ ಸೀಳುಗಳನ್ನು ಒಂದೊಂದಾಗಿ ಎಳೆದು, ಕುರ್ಚಿಯ ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ ಬಿಗಿಯುತ್ತಾನೆ. ನ್ಯಾಯಾಲಯದ ಕುರ್ಚಿ, ಡಾಕ್ಟರ ಮನೆಯ ಕುರ್ಚಿ, ಬ್ಯಾಂಕಿನ ಮ್ಯಾನೇಜರ ಕುರ್ಚಿ, ಎಲ್ಲವೂ ಅವನ ಕೈಯಿಂದಲೇ ಹೋದವು. "ಊರಿನ ದೊಡ್ಡೋರ ಅಂಡೆಲ್ಲ ನನ್ನ ಕೈಮೇಲೆ ಕೂತಿದೆ," ಎನ್ನುವುದು ಅವನು ತನ್ನ ಜೀವಮಾನದಲ್ಲಿ ಮಾಡಿದ ಒಂದೇ ಜೋಕು. ಮಾಡಿ, ತಾನೇ ಗಾಬರಿಯಾಗಿ ಸುಮ್ಮನಾಗಿದ್ದ.

ನಾನು ಟೈಲರ್. ನನ್ನ ಪರಿಚಯ ಇಷ್ಟೇ ಸಾಕು.

ನಾವು ಸಿಕ್ಕಿದ್ದು ಮೈದಾನದಲ್ಲೇ. ಪೂರ್ವದ ಕಡೆ ಒಂದು ಪದ್ಧತಿ ಇತ್ತು: ಮೊದಲು ಬಂದವನು ಕಂಬಿಗೆ ಕರ್ಚೀಫು ಕಟ್ಟಿದರೆ ಆ ಜಾಗ ಅವನದು. ಆಮೇಲೆ ಅವನು ಚಹಾ ಕುಡಿದು ಬರಲಿ, ಜಗಳವಾಡಿ ಬರಲಿ, ಕರ್ಚೀಫನ್ನು ಮುಟ್ಟುವ ಗಂಡಸು ಇರಲಿಲ್ಲ. ಒಂದು ದಿನ ಒಂದು ಕೋಟಿನ ಗುಂಡಿ ಹೊಲಿಯುತ್ತ ತಡವಾಗಿ ಓಡಿದೆ. ಕಾಲಿಡಲು ಜಾಗವಿಲ್ಲ. ಮೂರನೇ ಕಂಬದ ಹತ್ತಿರ ನಿಂತಿದ್ದ ಒಬ್ಬ ಸಣಕಲ ನನ್ನ ಮುಖ ನೋಡಿ, ಅರ್ಧ ಅಡಿ ಸರಿದು, ತನ್ನ ಚೌಕಳಿ ಕರ್ಚೀಫನ್ನು ಬಿಚ್ಚಿ ಅರ್ಧ ಅಡಿ ಅಗಲಿಸಿ ಕಟ್ಟಿದ. ನನ್ನನ್ನೂ ಸೇರಿಸಿಕೊಂಡ ಅಂತ ಅರ್ಥ. ಆ ಅರ್ಧ ಅಡಿ ಸಿಮೆಂಟಿನಲ್ಲಿ ನಮ್ಮ ಸಂಬಂಧ ಶುರುವಾಯಿತು.

ಆಟ ಮುಗಿದ ಮೇಲೆ ಮನೆಯ ತನಕ ನಡೆದು ಹೋಗುವಾಗ, ಇಬ್ಬರೂ ಆಗ ತಾನೆ ನೋಡಿದ ಆಟವನ್ನು ನಾನು ಮೊದಲಿಂದ ಬಾಯಲ್ಲೇ ಇನ್ನೊಂದು ಸಲ ಆಡಿಸುತ್ತಿದ್ದೆ. ಅವನು "ಆಮೇಲೆ?" ಎನ್ನುತ್ತಿದ್ದ. ಏನಾಯಿತೆಂದು ಗೊತ್ತಿಲ್ಲದವನ ಹಾಗೆ! ಇಂಥ ಕೇಳುಗ ಕೈಬಿಟ್ಟು ಹೋಗಬಾರದೆಂದು ಎರಡು ವರ್ಷದಲ್ಲಿ ನನ್ನ ನಾದಿನಿಯನ್ನು ಅವನಿಗೆ ಕೊಡಿಸಿದೆ.

"ತಂಗಿಗೆ ಗಂಡು ಹುಡುಕಿದ್ರೋ, ನಿಮ್ಮ ಪಕ್ಕ ನಿಲ್ಲೋಕೆ ಜನ ಹುಡುಕಿದ್ರೋ?" ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಇನ್ನು ಹೊಸ ಸ್ಟೇಡಿಯಂ. ಹಳೆಯ ಮೈದಾನವನ್ನು ಕೆಡವಿ, ಎರಡು ವರ್ಷ ಧೂಳು ತಿನ್ನಿಸಿ, ಅದೇ ಜಾಗದಲ್ಲಿ ಕಟ್ಟಿದರು. ಹೊರಗಿಂದ ನೋಡಿದರೆ ದೊಡ್ಡ ಆಸ್ಪತ್ರೆಯ ಹಾಗಿದೆ. ನಿಲ್ಲುವ ಜಾಗ ಎಂಬುದೇ ಇಲ್ಲ. ಎದ್ದರೆ ತಾನೇ ಮಡಚಿಕೊಳ್ಳುವ ಕುರ್ಚಿಗಳು. ಮೇಲೆ ಗಾಜಿನ ಕೋಣೆಗಳು, ಅದರಲ್ಲಿ ಕೂತವರಿಗೆ ಆಟಕ್ಕಿಂತ ತಟ್ಟೆ ಮುಖ್ಯ. ಡೋಲು ತರುವಂತಿಲ್ಲ, ಬಾವುಟದ ಕೋಲು ತರುವಂತಿಲ್ಲ, ಮನೆಯ ನೀರಿನ ಬಾಟಲಿಯೂ ಕೂಡದು. ಟಿಕೆಟ್ಟಿನ ಬೆಲೆ ಕೇಳಿದ ದಿನ ನಾನು ಕೈಯಲ್ಲಿದ್ದ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡೆ. ಒಂದೇ ಒಂದು ಆಟಕ್ಕೆ, ಎಲ್ಲಕ್ಕಿಂತ ಕೆಟ್ಟ ಜಾಗಕ್ಕೆ, ನಾನು ವಾರವಿಡೀ ಮಿಷನ್ನು ತುಳಿಯಬೇಕು. ನಮ್ಮ ತಂಡ, ನಮ್ಮ ಗಂಟಲು, ನಮ್ಮ ಅಪ್ಪಂದಿರ ಕಾಲದ ಮೈದಾನ. ಈಗ ಯಾರೋ ಬಂದು ಬಾಗಿಲು ಹಾಕಿ, ತೆರೆಯಲು ಕಾಸು ಕೇಳುತ್ತಾರೆ. ಥೂ!

ಆ ಸಂಜೆಯೇ ಪೂರ್ವದ ಕಡೆಯ ಇಪ್ಪತ್ತು ಜನ ನನ್ನ ಅಂಗಡಿಯಲ್ಲಿ ಸೇರಿದರು. ಬಟ್ಟೆಯ ತುಂಡುಗಳ ಮೇಲೆ, ಅಳತೆಯ ಮೇಜಿನ ಮೇಲೆ, ಎಲ್ಲಿ ಸಿಕ್ಕಿತೋ ಅಲ್ಲಿ ಕೂತರು. ನಾನೇ ಎದ್ದುನಿಂತು ಮೇಜು ಗುದ್ದಿದೆ.

"ಆ ಹಾಳು ಕಟ್ಟಡಕ್ಕೆ ನಾವು ಯಾರೂ ಕಾಲಿಡಲ್ಲ. ಖಾಲಿ ಕುರ್ಚಿ ನೋಡ್ಕೊಂಡು ಆಡ್ಲಿ. ಆಯ್ತಾ?"

ಎಲ್ಲರೂ ಹೌದೆಂದರು. ಕಂಬನೂ ಹೂಂ ಎಂದು ತಲೆಯಾಡಿಸಿದ. ನಾನು ಕಣ್ಣಾರೆ ನೋಡಿದ್ದೇನೆ, ತಲೆಯಾಡಿಸಿದ.

ಮೂರು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಕಂಬ ಒಂದು ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಬಂದ. ಬಿಚ್ಚಿದರೆ ಕಿತ್ತಳೆ ಬಣ್ಣದ ಜಾಕೀಟು. ಬೆನ್ನ ಮೇಲೆ ನಲವತ್ತೊಂದು ಎಂಬ ಅಂಕಿ, ಕೆಳಗೆ ಸ್ಟೇಡಿಯಂನ ಹೆಸರು.

"ಕೆಲಸ ಸಿಕ್ತು ಅಣ್ಣ," ಎಂದ. "ಜನರನ್ನ ನೋಡ್ಕೊಳ್ಳೋದು. ಆಟ ಇದ್ದ ದಿನ ಮಾತ್ರ."

ನನಗೆ ಪಿತ್ತ ನೆತ್ತಿಗೇರಿತು. "ಯಾವ ಬಾಯಲ್ಲಿ ಹೇಳ್ತೀಯೋ ಇದನ್ನ? ಇಲ್ಲೇ ಕೂತು ತಲೆಯಾಡಿಸಿದ್ದು ನೀನೇ ತಾನೆ?"

"ಕುರ್ಚಿ ಕೆಲಸ ಬರ್ತಿಲ್ಲ ಅಣ್ಣ. ಎಲ್ಲ ಪ್ಲಾಸ್ಟಿಕ್ ತಗೋತಾರೆ. ಎರಡು ತಿಂಗಳಿಂದ ತೊಟ್ಟಿಗೆ ನೀರೇ ತುಂಬಿಸಿಲ್ಲ."

ಅದು ನನಗೂ ಗೊತ್ತಿತ್ತು. ಗೊತ್ತಿದ್ದರೆ ಏನು? ಆ ಕ್ಷಣ ನನ್ನ ತಲೆಯಲ್ಲಿ ಒಂದೇ ಒಂದು ವಿಷಯ: ಇವನು ಎಲ್ಲಾ ಆಟವನ್ನೂ ನೋಡುತ್ತಾನೆ. ಪುಕ್ಕಟೆ ನೋಡುತ್ತಾನೆ. ಹುಲ್ಲಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಾನೆ, ಮೇಲೆ ಸಂಬಳವನ್ನೂ ಎಣಿಸಿಕೊಳ್ಳುತ್ತಾನೆ. ನಾನು ಬೀದಿಯಲ್ಲಿ ನಿಂತು ಗದ್ದಲ ಕೇಳಬೇಕು. ಹಳೆಯ ಮೈದಾನದಲ್ಲಿ ಕಾವಲಿಗೆ ಅಂತ ಇಬ್ಬರು ಪೊಲೀಸರಿರುತ್ತಿದ್ದರು, ಅವರಷ್ಟು ತಲ್ಲೀನರಾಗಿ ಆಟ ನೋಡಿದವರು ಊರಿನಲ್ಲೇ ಇರಲಿಲ್ಲ. ಕಾವಲಿನ ಕೆಲಸವೆಂದರೆ ನಾವು ಬಲ್ಲದ್ದು ಅಷ್ಟೇ.

"ದೊಗಳೆ ಆಗಿದೆ, ಸ್ವಲ್ಪ ಹಿಡಿದುಕೊಡು," ಎಂದ ಕಂಬ.

ಹಿಡಿದುಕೊಟ್ಟೆ. ಹೇಗೆ ಹಿಡಿದೆ ಕೇಳಿ. ಒಂದು ಉಡುಪಿನಲ್ಲಿ ಮನುಷ್ಯ ಕೈ ಎತ್ತಬಲ್ಲನೋ ಇಲ್ಲವೋ ಎನ್ನುವುದು ಕಂಕುಳ ಹೊಲಿಗೆಯಲ್ಲಿ, ಬೆನ್ನಿನ ಅಗಲದಲ್ಲಿ ಇರುತ್ತದೆ. ಒಳ್ಳೆಯ ಟೈಲರು ಅಲ್ಲಿ ಸಡಿಲ ಬಿಡುತ್ತಾನೆ. ನಾನು ಬೆನ್ನಗಲದಲ್ಲಿ ಎರಡು ಇಂಚು ಒಳಕ್ಕೆ ಹಿಡಿದೆ, ಕಂಕುಳನ್ನು ಕೆಳಗಿಳಿಸಿ ಬಿಗಿದೆ, ತೋಳನ್ನು ಪಕ್ಕೆಗೆ ಹೊಂದಿಸಿ ಎರಡೆಳೆ ದಾರದಲ್ಲಿ ಎರಡು ಸುತ್ತು ಹೊಲಿದೆ. ಕೈ ಇಳಿಬಿಟ್ಟು ನಿಂತರೆ ಜಾಕೀಟು ಮೈಗೆ ಎರಕ ಹೊಯ್ದ ಹಾಗೆ. ಎತ್ತಲು ಹೋದರೆ ಎದೆಯ ಮಟ್ಟಕ್ಕೆ ನಿಲ್ಲಬೇಕು, ಮುಂದಕ್ಕೆ ಹೋಗಬಾರದು. ನೋಡು ಮಗನೆ, ಹತ್ತಿರದಿಂದ ಗೋಲು ನೋಡು, ಆದರೆ ಆ ನಿನ್ನ ಎರಡು ಕೈ ಮಾತ್ರ ಮೇಲೆ ಹೋಗಬಾರದು. ಹೀಗೆ ಮನಸ್ಸಿನಲ್ಲೇ ಅಂದುಕೊಂಡೇ ಹೊಲಿದೆ. ಮೂವತ್ತು ಚಿಲ್ಲರೆ ವರ್ಷದ ಕಸುಬಿನಲ್ಲಿ ಬೇಕೆಂದೇ ಕೆಟ್ಟದಾಗಿ ಹೊಲಿದದ್ದು ಅದೊಂದೇ. ಅದೂ ಎಷ್ಟು ಚೆನ್ನಾಗಿ ಬಂತು!

ತೊಡಿಸಿ ನೋಡುವಾಗ, "ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲು," ಎಂದೆ. ನಿಂತ. ಬೆನ್ನು ಒಳಕ್ಕೆ ಹಿಡಿದದ್ದರಿಂದ ಅಂಕಿ ಒಂದು ಬೆರಳಷ್ಟು ಎಡಕ್ಕೆ ವಾಲಿತ್ತು.

"ಚೆನ್ನಾಗಿದೆ ಅಣ್ಣ," ಎಂದು ಕನ್ನಡಿಗೆ ಹೇಳಿ ಹೋದ.

ಅಲ್ಲಿಂದ ನನ್ನ ನರಕ ಶುರುವಾಯಿತು. ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಟಿವಿ ಇದೆ. ಆಟದ ದಿನ ಮಧ್ಯಾಹ್ನವೇ ಶಟರು ಅರ್ಧ ಎಳೆದು ಅಲ್ಲಿ ಹೋಗಿ ಕೂರುತ್ತಿದ್ದೆ. ಉಳಿದವರು ಚೆಂಡು ನೋಡುತ್ತಿದ್ದರು, ನಾನು ಮೈದಾನದ ಆಚೆ ಬದಿಯಲ್ಲಿ ಕಿತ್ತಳೆ ಬಣ್ಣ ಹುಡುಕುತ್ತಿದ್ದೆ. ಸಿಗುತ್ತಿತ್ತು. ಎಡಕ್ಕೆ ವಾಲಿದ ನಲವತ್ತೊಂದು. ನನ್ನದೇ ಹೊಲಿಗೆ, ನನಗೆ ಗುರುತು ಸಿಗದೆ ಇರುತ್ತದೆಯೇ? ಪ್ರತಿ ಸಲವೂ ಬೆನ್ನೇ ಕಾಣುತ್ತಿತ್ತು. ಎದುರಿಗೆ ಕೂತ ಸಿರಿವಂತರ ಹತ್ತಿರ ಹರಟುತ್ತಿದ್ದಾನೆ ಅಂದುಕೊಂಡೆ. ನೋಡಿ ಇವನ ಜಂಬ! ಟಿವಿಯಲ್ಲೂ ನಮಗೆ ಬೆನ್ನು ತೋರಿಸುತ್ತಾನೆ!

ಇದಾದರೂ ಸಹಿಸಬಹುದಿತ್ತು. ಆಟದ ಮರುದಿನ ಬೆಳಿಗ್ಗೆ ಅವನು ತಪ್ಪದೆ ಅಂಗಡಿಗೆ ಬರುತ್ತಿದ್ದ. ಹಳೆಯ ಸ್ಟೂಲಿನ ಮೇಲೆ ಕೂತು, ಬೆರಳು ಬಿಡಿಸುತ್ತ, ಕೇಳುತ್ತಿದ್ದ:

"ಅಣ್ಣ, ನಿನ್ನೆ ಎರಡನೇ ಗೋಲು ಹೇಗೆ ಬಂತು?"

ಎಂಥ ಕೊಬ್ಬು ನೋಡಿ! ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿ ಬಂದು, ಚಹಾದಂಗಡಿಯ ಸಣ್ಣ ಟಿವಿ ನೋಡಿದವನ ಹತ್ತಿರ ಗೋಲು ಹೇಗೆ ಬಂತು ಅಂತ ಕೇಳುವುದು!

"ಅಲ್ಲೇ ಸತ್ತಿದ್ದೆಯಲ್ಲೋ ನೀನು! ನನ್ನನ್ನ ಯಾಕೆ ಕೇಳ್ತೀಯ?"

"ಅಲ್ಲ ಅಣ್ಣ, ಅಲ್ಲಿ ಏನಂದ್ರೆ..."

"ಏನೂ ಹೇಳಬೇಡ. ಅಲ್ಲಿಯ ವೈಭೋಗ ನನ್ನ ಮುಂದೆ ಬಿಚ್ಚಬೇಡ. ನನಗೆ ಕೆಲಸ ಇದೆ."

ಅವನು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ಮತ್ತೆ ಮುಂದಿನ ಆಟದ ಮರುದಿನ ಹಾಜರು, ಮತ್ತೆ ಅದೇ ಪ್ರಶ್ನೆ. ಗಾಯಕ್ಕೆ ಉಪ್ಪು ಸುರಿಯಲು ಇಷ್ಟು ಶ್ರದ್ಧೆಯಿಂದ ಬರುವವನನ್ನು ನಾನೆಲ್ಲೂ ಕಂಡಿರಲಿಲ್ಲ. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧವಾಯಿತು. ಅಕ್ಕತಂಗಿಯರು ಫೋನಿನಲ್ಲಿ ಪಿಸುಗುಟ್ಟತೊಡಗಿದರು. ನನ್ನ ಹೆಂಡತಿ ಊಟ ಬಡಿಸುತ್ತ, "ರೀ, ಹೊಟ್ಟೆ ತುಂಬಾ ಅದೇ ಉರಿ ಇಟ್ಕೊಂಡ್ರೆ ಅನ್ನಕ್ಕೆ ಜಾಗ ಎಲ್ಲಿ?" ಎನ್ನುತ್ತಿದ್ದಳು.

ಹೀಗಿರುವಾಗ ನಮ್ಮ ತಂಡ ಗೆಲ್ಲತೊಡಗಿತು. ಹತ್ತೊಂಬತ್ತು ವರ್ಷದಿಂದ ಕಪ್ಪನ್ನು ಮುಟ್ಟದ ತಂಡ! ಎಲ್ಲಾ ಬಿಟ್ಟು ಈ ವರ್ಷವೇ, ನಾವು ಹೊರಗಿರುವಾಗಲೇ, ಗೆಲ್ಲಬೇಕೆ? ಕೊನೆಯ ಆಟ ನಮ್ಮೂರಿನಲ್ಲೇ. ಗೆದ್ದರೆ ಕಪ್ಪು ನಮ್ಮದು. ಟಿಕೆಟ್ಟಿನ ಬೆಲೆಯನ್ನು ಅದೊಂದು ಆಟಕ್ಕೆ ಮೂರು ಪಟ್ಟು ಮಾಡಿದರು.

ಆಗಲೇ ನಾದಿನಿಯ ಬಾಯಿಂದ ಸುದ್ದಿ ಬಂತು: ಕೆಲಸದವರಿಗೆಲ್ಲ ಕೊನೆಯ ಆಟಕ್ಕೆ ಒಂದೊಂದು ಪಾಸು ಕೊಡುತ್ತಾರೆ, ಮನೆಯವರಲ್ಲಿ ಒಬ್ಬರಿಗೆ.

ನನಗೆ ನಿದ್ದೆ ಹೋಯಿತು. ಕಾಲಿಡುವುದಿಲ್ಲ ಎಂದು ಮೇಜು ಗುದ್ದಿದವನು ನಾನೇ, ನಿಜ. ಆದರೆ ಆ ಕಪ್ಪನ್ನು ಎತ್ತುವಾಗ ನಾನು ಚಹಾದಂಗಡಿಯ ಬೆಂಚಿನ ಮೇಲೆ ಕೂತಿರಬೇಕೆ? ಇಪ್ಪತ್ತೆಂಟು ವರ್ಷ ಕೂಗಿದ್ದು ಇದಕ್ಕೇನಾ? ಪಾಸು ನನಗೆ ಬೇಕಿತ್ತು. ಬಾಯಿಬಿಟ್ಟು ಕೇಳುವುದು ಮಾತ್ರ ನನ್ನಿಂದ ಸಾಧ್ಯವಿರಲಿಲ್ಲ. ತಾನಾಗಿಯೇ ತಂದುಕೊಡಲಿ ಎಂದು ಕಾದೆ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಬರುತ್ತಿದ್ದ, ಸ್ಟೂಲಿನ ಮೇಲೆ ಕೂರುತ್ತಿದ್ದ, ಗೋಲು ಹೇಗೆ ಬಂತು ಅಂತ ಕೇಳುತ್ತಿದ್ದ, ಹೋಗುತ್ತಿದ್ದ. ಪಾಸಿನ ಸೊಲ್ಲೇ ಇಲ್ಲ.

ಅವನಿಗೊಬ್ಬ ತಮ್ಮನಿದ್ದಾನೆ, ಕಾರು ಮಾರುವವನು. ಚೆಂಡು ದುಂಡಗಿದೆಯೋ ಚೌಕಾಕಾರವಾಗಿದೆಯೋ ಗೊತ್ತಿಲ್ಲದ ಪ್ರಾಣಿ. ಪಾಸು ಅವನಿಗೇ ಹೋಗಿದೆ ಎಂದು ನಾನು ತೀರ್ಮಾನಿಸಿದೆ.

"ಯಾರು ಹೇಳಿದ್ರು?" ಎಂದಳು ಹೆಂಡತಿ.

"ಯಾರು ಹೇಳಬೇಕು? ರಕ್ತಸಂಬಂಧ ಬಿಟ್ಟು ಷಡ್ಡಕನಿಗೆ ಕೊಡ್ತಾನಾ?"

"ಕೇಳಿ ಒಂದ್ಸಲ. ಬಾಯೇನು ಸವೆದುಹೋಗಲ್ಲ."

"ಸತ್ರೂ ಕೇಳಲ್ಲ."

ಆಟದ ದಿನ ಬೆಳಿಗ್ಗೆ ಶಟರು ತೆಗೆಯುವಾಗ ಕಂಬ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಒಂದು ಲಕೋಟೆ.

"ತಡವಾಯ್ತು ಅಣ್ಣ, ಬೈಬೇಡ. ಅವರು ಮೇಲಿನ ಸೀಟು ಕೊಟ್ಟಿದ್ರು. ಬದಲಾಯಿಸ್ಕೊಡಿ ಅಂತ ಸೂಪರ್‌ವೈಸರ್ ಹಿಂದೆ ಸುತ್ತೀ ಸುತ್ತೀ ನಿನ್ನೆ ಸಿಕ್ತು."

ಪಾಸು ಸಿಕ್ಕಿದ ಸಂತೋಷ ಎಷ್ಟು ಹೊತ್ತು ಇತ್ತು ಅಂದುಕೊಂಡಿರಿ? ಚೀಟಿ ಓದುವ ತನಕ. ಪೂರ್ವದ ಕಡೆ, ಮೊದಲನೇ ಸಾಲು. ಎಲ್ಲಕ್ಕಿಂತ ಕೆಳಗಿನ ಸಾಲು, ಜಾಹೀರಾತಿನ ಹಲಗೆಗಳ ಹಿಂದೆ, ಆಟಗಾರರ ತಲೆ ಮಾತ್ರ ಕಾಣುವ ಜಾಗ ಅದು ಎಂದು ಎಲ್ಲರೂ ಬಯ್ಯುತ್ತಿದ್ದ ಸಾಲು. ಮೇಲಿನ ಸೀಟನ್ನು ಬಿಟ್ಟುಕೊಟ್ಟು ಇದನ್ನು ತಂದಿದ್ದಾನೆ! ತಮ್ಮನಿಗಾದರೆ ಹೀಗೆ ಮಾಡುತ್ತಿದ್ದನೆ? ಮೇಲಿನದು ಅವನಿಗೇ ಹೋಗಿರಬೇಕು. ಆದರೂ ಚೀಟಿಯನ್ನು ವಾಪಸು ಕೊಡಲಿಲ್ಲ. ಅಷ್ಟು ಮರ್ಯಾದೆ ನನ್ನಲ್ಲಿ ಉಳಿದಿರಲಿಲ್ಲ.

ಬಾಗಿಲಲ್ಲಿ ನನ್ನ ನೀರಿನ ಬಾಟಲಿ ಕಿತ್ತುಕೊಂಡರು. ಜೇಬಿನಲ್ಲಿದ್ದ ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನೂ ಕಿತ್ತುಕೊಂಡರು.

"ಇದೇನು ಕತ್ತಲ್ಲಿ?" ಎಂದು ಕೇಳಿದ ಕಾವಲಿನವನು. ಅಳತೆಯ ಟೇಪನ್ನು ಕೊರಳಲ್ಲಿ ಮರೆತು ಬಂದಿದ್ದೆ.

"ನಿಮ್ಮ ಸ್ಟೇಡಿಯಂ ಎಷ್ಟು ದೊಡ್ಡದಿದೆ ಅಂತ ಅಳೆಯೋಕೆ," ಎಂದೆ. ಅವನು ನಗಲಿಲ್ಲ.

ಒಳಗೆ ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಕೈ ತೊಳೆಯಲು ಹೋದರೆ ನಲ್ಲಿಗೆ ತಿರುಪಿಲ್ಲ, ಕೈ ಒಡ್ಡಿ ಹೊತ್ತುಗಟ್ಟಲೆ ನಿಂತರೂ ನೀರು ಬರಲಿಲ್ಲ. ದೊಡ್ಡ ಪರದೆಯೊಂದು 'ಈಗ ಚಪ್ಪಾಳೆ ತಟ್ಟಿ' ಎಂದು ಬರೆದು ತೋರಿಸುತ್ತಿತ್ತು. ನನಗೆ! ಗೋಲ್‌ಕೀಪರನನ್ನೇ ತಿರುಗಿ ನೋಡಿಸಿದ ಗಂಟಲು ಇದು, ಇದಕ್ಕೆ ಬರೆದು ತೋರಿಸಬೇಕೆ? ಹಳೆಯ ಕಂಬಿ ಇಲ್ಲ, ಕಂಬ ಇಲ್ಲ, ತಗಡಿಲ್ಲ. ಬಯ್ದುಕೊಳ್ಳುತ್ತಲೇ ನನ್ನ ಕುರ್ಚಿ ಹುಡುಕಿದೆ.

ಕುರ್ಚಿಯ ಕೈಗೆ ಒಂದು ಚೌಕಳಿ ಕರ್ಚೀಫು ಕಟ್ಟಿತ್ತು.

ಸ್ವಲ್ಪ ಹೊತ್ತು ನಿಂತೇ ಇದ್ದೆ. ಬಿಚ್ಚಲು ಮನಸ್ಸಾಗಲಿಲ್ಲ. ಪಕ್ಕದವನು, "ಕೂತ್ಕೊಳ್ಳಿ ಸಾರ್, ಹಿಂದಿನವರಿಗೆ ಕಾಣಲ್ಲ," ಎಂದ ಮೇಲೆ ಕೂತೆ.

ಆಟಗಾರರು ಬಂದರು. ಕಿತ್ತಳೆ ಜಾಕೀಟಿನವರು ಸಾಲಾಗಿ ನಡೆದು ಬಂದು ಅಲ್ಲಲ್ಲಿ ನಿಂತರು. ಕಂಬ ಬಂದು ನಿಂತದ್ದು ಸರಿಯಾಗಿ ನನ್ನ ಎದುರಿಗೆ, ನಾಲ್ಕು ಹೆಜ್ಜೆ ದೂರದಲ್ಲಿ, ನನ್ನ ಕಡೆಗೇ ಮುಖ ಮಾಡಿಕೊಂಡು. ಆಟ ಶುರುವಾದ ಮೇಲೆ ತಿರುಗುತ್ತಾನೆ ಅಂದುಕೊಂಡೆ. ಸೀಟಿ ಊದಿದರು. ತಿರುಗಲಿಲ್ಲ. ಚೆಂಡು ಅವನ ಬೆನ್ನ ಹಿಂದೆ ಹಾದುಹೋಯಿತು. ತಿರುಗಲಿಲ್ಲ.

"ಲೋ, ತಿರುಗೋ! ಆಟ ಶುರುವಾಯ್ತು!" ಎಂದು ಕೂಗಿದೆ.

ಅವನು ತಲೆ ಅಲ್ಲಾಡಿಸಿ, ಕಣ್ಣಿನಲ್ಲೇ ಮೇಲಕ್ಕೆ ತೋರಿಸಿದ. ಹಿಂದೆ ನೋಡಿದೆ. ಮೆಟ್ಟಿಲ ಮೇಲೆ ವಾಕಿಟಾಕಿ ಹಿಡಿದ ಸೂಪರ್‌ವೈಸರ್ ಕಿತ್ತಳೆ ಜಾಕೀಟುಗಳನ್ನೇ ಒಂದೊಂದಾಗಿ ನೋಡುತ್ತಿದ್ದ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎಲ್ಲ ಕಿತ್ತಳೆ ಜಾಕೀಟುಗಳೂ ಹೀಗೇ, ಮೈದಾನಕ್ಕೆ ಬೆನ್ನು, ಜನರಿಗೆ ಮುಖ. ಜನರನ್ನು ನೋಡಿಕೊಳ್ಳುವುದು ಎಂದು ಅವನು ಮೊದಲ ದಿನ ಹೇಳಿದ್ದ. ನಾನು ಕೇಳಿಸಿಕೊಂಡಿರಲಿಲ್ಲ.

ಹದಿನಾಲ್ಕು ಆಟ. ಹದಿನಾಲ್ಕು ಆಟದಲ್ಲಿ ಒಂದು ಗೋಲನ್ನೂ ಅವನು ಕಂಡಿರಲಿಲ್ಲ. ಹಿಂದೆ ಗದ್ದಲವಾದರೆ ಏನಾಯಿತೆಂದು ಎದುರಿನ ಮುಖಗಳಲ್ಲಿ ಹುಡುಕಬೇಕು. ನನ್ನ ಅಕ್ಕಪಕ್ಕದ ಮುಖಗಳನ್ನು ನೋಡಿದೆ. ಒಬ್ಬ ಫೋನು ಒತ್ತುತ್ತಿದ್ದ. ಇನ್ನೊಬ್ಬಳು ಮೈದಾನಕ್ಕೆ ಬೆನ್ನು ಮಾಡಿ ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದಳು. ಅವಳಾಚೆಗಿನವನು ತಿನ್ನುತ್ತಿದ್ದ. ಈ ಮುಖಗಳಲ್ಲಿ ಏನು ಆಟ ಕಾಣುತ್ತದೆ? ಅವನು ಮೇಲಿನ ಸೀಟನ್ನು ಕೊಟ್ಟು ಈ ಸೀಟನ್ನು ಯಾಕೆ ತಂದನೆಂದು ನನಗೆ ಆಗ ಹೊಳೆಯಿತು. ಅವನಿಗೆ ನನ್ನ ಮುಖ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ಬಂದು ಕೇಳುತ್ತಿದ್ದವನನ್ನು ಅಂಗಡಿಯಿಂದ ಅಟ್ಟಿದ್ದೆನಲ್ಲ! ನಾಲಿಗೆ ಕಚ್ಚಿಕೊಂಡೆ.

ಆಮೇಲೆ ನಾನು ಆಟ ನೋಡಿದ್ದು ನನಗಾಗಿ ಅಲ್ಲ. ಹಲಗೆಗಳ ಮೇಲಿಂದ ಕಂಡಷ್ಟನ್ನು ಬಾಯಲ್ಲಿ, ಹುಬ್ಬಿನಲ್ಲಿ, ಕತ್ತಿನ ಟೇಪಿನಲ್ಲಿ ಆಡಿಸಿ ತೋರಿಸಿದೆ. "ಎಡಗಡೆ ಹೋಯ್ತು... ಕೊಟ್ಟ... ಅಯ್ಯೋ, ಕತ್ತೆ, ಯಾರಿಗೋ ಕೊಟ್ಟ... ಬಂತು ಬಂತು..." ಪಕ್ಕದವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ ಕುರ್ಚಿಯಲ್ಲೇ ಆಚೆ ವಾಲಿದ. ಕಂಬ ಕೈ ಇಳಿಬಿಟ್ಟು, ಕಣ್ಣು ಮಿಟುಕಿಸದೆ, ನನ್ನ ಮುಖದಲ್ಲಿ ಆಟ ನೋಡುತ್ತಿದ್ದ. ಅವನ ತುಟಿ ಎರಡು ಸಲ ಅಲುಗಿತು. ಆಮೇಲೆ? ಆಮೇಲೆ?

ಆಟ ಮುಗಿಯಲು ಇನ್ನು ಹತ್ತು ನಿಮಿಷ. ಕಾರ್ನರ್. ಚೆಂಡು ಮೇಲೆದ್ದದ್ದು ಕಂಡಿತು, ನಮ್ಮ ನೀಲಿ ಅಂಗಿಯವನೊಬ್ಬನ ತಲೆ ಎದ್ದದ್ದು ಕಂಡಿತು, ಬಲೆ ಅಲುಗಿದ್ದು ಕಂಡಿತು. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ, ಇಡೀ ಕಟ್ಟಡವೇ ಕಿರುಚಿತ್ತು.

ಕಂಬ ನನ್ನ ಮುಖ ನೋಡಿದ. ಗೋಲು ಅವನಿಗೆ ಗೊತ್ತಾಯಿತು. ಸೂಪರ್‌ವೈಸರ್, ಕೆಲಸ, ನಿಯಮ ಎಲ್ಲವನ್ನೂ ಅವನ ಮೈ ಮರೆಯಿತು. ಎರಡೂ ಕೈಗಳು ಮೇಲಕ್ಕೆ ಹೊರಟವು. ಎದೆಯ ಮಟ್ಟಕ್ಕೆ ಬಂದು ನಿಂತವು. ಅವನು ಇನ್ನೊಂದು ಸಲ ಎಳೆದ. ಭುಜ ನಡುಗಿತು, ಬಟ್ಟೆ ಬಿಗಿಯಿತು, ಕೈ ಮೇಲೆ ಹೋಗಲಿಲ್ಲ. ನನ್ನ ಹೊಲಿಗೆ ಅಷ್ಟು ಗಟ್ಟಿ. ಬೆರಳುಗಳನ್ನು ಮಾತ್ರ ಎದೆಯ ಮುಂದೆ ಅಗಲಿಸಿಕೊಂಡು ನಿಂತ.

ನನ್ನ ಕೈಗಳು ತಲೆಯ ಮೇಲಿದ್ದವು. ಇಳಿಸಿಬಿಟ್ಟೆ. ಆ ಪುಟ್ಟ ಕತ್ತರಿಯನ್ನು ಬಾಗಿಲಲ್ಲಿ ಕಿತ್ತುಕೊಂಡಿರದಿದ್ದರೆ ಹಲಗೆ ಹಾರಿ ಅಲ್ಲೇ ಹೊಲಿಗೆ ಬಿಚ್ಚುತ್ತಿದ್ದೆ. ಸುತ್ತಲೂ ಜನ ಕುಣಿಯುತ್ತಿದ್ದರು. ಆ ಒಂದೇ ಗೋಲಿನಲ್ಲಿ ಕೊನೆಯ ಸೀಟಿ ಊದಿದಾಗ ಹತ್ತೊಂಬತ್ತು ವರ್ಷಕ್ಕೆ ಕಪ್ಪು ಬಂದಿತ್ತು. ನಾನು ಕುರ್ಚಿಯ ಕೈಯ ಕರ್ಚೀಫು ಹಿಡಿದುಕೊಂಡು ಅಳುತ್ತಿದ್ದೆ, ಪಕ್ಕದವನು ಸಂತೋಷಕ್ಕೆ ಅಂದುಕೊಂಡು ಬೆನ್ನು ತಟ್ಟಿದ.

ಅವನ ಕೆಲಸ ಮುಗಿಯುವ ತನಕ ಹೊರಗೆ ಕಾದು, ಇಬ್ಬರೂ ನಡೆದೇ ಮನೆಗೆ ಹೋದೆವು. ದಾರಿಯುದ್ದಕ್ಕೂ ಆಟವನ್ನು ಮೊದಲಿಂದ ಆಡಿಸಿದೆ. ಅವನು "ಆಮೇಲೆ?" ಎಂದ. ಈ ಸಲ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಜಾಕೀಟಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬಂದು ಸ್ಟೂಲಿನ ಮೇಲೆ ಕೂತಾಗ, ನಾನೇ ಕೈ ಚಾಚಿದೆ. "ಆ ಜಾಕೀಟು ಕೊಡು."

ಚೀಲದಿಂದ ತೆಗೆದುಕೊಟ್ಟ. ತಂದೇ ಇದ್ದ.

ಮೇಜಿನ ಮೇಲೆ ಒಳಹೊರಗು ಮಾಡಿ ಹರಡಿದೆ. ಎರಡೆಳೆ ದಾರ, ಎರಡು ಸುತ್ತು. ನನ್ನ ಕೈ ನನಗೇ ಹೇಸಿಗೆಯಾಯಿತು. ತಲೆ ಎತ್ತದೆ ಕೇಳಿದೆ:

"ಗೊತ್ತಿತ್ತಾ ನಿನಗೆ?"

"ಮೊದಲನೇ ಆಟದಲ್ಲೇ ಗೊತ್ತಾಯ್ತು. ಹಿಂದೆ ಗೋಲು ಬಿತ್ತು, ಕೈ ಎತ್ತೋಕೆ ಹೋದೆ."

"ಮತ್ತೆ ಇಡೀ ವರ್ಷ ಅದನ್ನೇ ಹಾಕ್ಕೊಂಡು ನಿಂತ್ಯಲ್ಲೋ ಮಾರಾಯ! ಬಯ್ಯಬಾರದಿತ್ತಾ ನನ್ನ? ಹೋಗ್ಲಿ, ಊರಲ್ಲಿ ಬೇರೆ ಟೈಲರ್ ಇರಲಿಲ್ವಾ? ಬಿಚ್ಚಿಸ್ಕೊಂಡಿದ್ರೆ ಐದು ನಿಮಿಷದ ಕೆಲಸ."

ಕಂಬ ಬೆರಳು ಬಿಡಿಸಿಕೊಂಡ.

"ಬೇರೆ ಟೈಲರ್ ಹತ್ರ ಹೋಗಿದ್ರೆ ನಿನಗೆ ಇನ್ನೂ ಹೊಟ್ಟೆ ಉರೀತಿತ್ತು ಅಣ್ಣ," ಎಂದ.

ನಾನು ಕತ್ತರಿ ತೆಗೆದುಕೊಂಡು ಕಂಕುಳ ಹೊಲಿಗೆಯನ್ನು ಬಿಚ್ಚತೊಡಗಿದೆ.